ಹಿತ್ತಲ ತೆಂಗಿಗೆ ಯಾಕೀ ಕ್ಷೌರ?

ಹಳ್ಳಿಮೈಸೂರಿನಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕವರಿಗೆ ಎರಡು ಜಾತಿಯ ತೆಂಗಿನ ಮರಗಳು ಕಾಣುತ್ತವೆ. ಜಾತಿ ಎಂದರೆ ತಳಿಯಲ್ಲ, ತಳಿ ಒಂದೇ. ತೋಟದಲ್ಲಿರುವ ಮರಗಳು ತಲೆತುಂಬ ಗರಿ ಹೊತ್ತು, ಮೇಲಿನವು ನೆಟ್ಟಗೆ, ನಡುವಿನವು ಅಡ್ಡಕ್ಕೆ, ಕೆಳಗಿನವು ಇಳಿಬಿದ್ದು, ಚೆಂಡಿನಂತೆ ದುಂಡಗಿರುತ್ತವೆ. ಊರು ಹತ್ತಿರವಾದ ಮೇಲೆ ಕಾಂಪೌಂಡುಗಳ ಒಳಗೆ ಕಾಣುವ ಮರಗಳ ಕಥೆಯೇ ಬೇರೆ. ತುದಿಯಲ್ಲಿ ಆರೋ ಎಂಟೋ ಗರಿ ಆಕಾಶಕ್ಕೆ ಕೈ ಎತ್ತಿಕೊಂಡು ನಿಂತಿರುತ್ತವೆ. ಕೆಳಗೆಲ್ಲ ಬೋಳು. ಆಗ ತಾನೇ ಮುಡಿ ಕೊಡಿಸಿಕೊಂಡು ಬಂದ ಮಗುವಿನ ಜುಟ್ಟಿನ ಹಾಗೆ. ಮುಡಿ ಕೊಟ್ಟ ಮಗುವಿಗಾದರೆ ಮೂರು ತಿಂಗಳಿಗೆ ಕೂದಲು ಬರುತ್ತದೆ.

ಆ ಮನೆಗಳ ಹೆಂಗಸರನ್ನು ಕೇಳಿ ನೋಡಿ. "ಈ ಸಲ ಮರ ಕ್ಲೀನ್ ಮಾಡಿಸಿದ್ವಿ" ಎಂದು ಸಂತೋಷವಾಗಿಯೇ ಹೇಳುತ್ತಾರೆ. ಕೆಲವರು "ಕಟಿಂಗ್ ಮಾಡಿಸಿದ್ವಿ" ಎನ್ನುತ್ತಾರೆ. ನನ್ನ ಜಗಳ ಈ ಕ್ಲೀನ್ ಎಂಬ ಮಾತಿನ ಜೊತೆಗೆ. ಮಾತು ನಮ್ಮದೇ ಆದದ್ದರಿಂದ ಜಗಳವೂ ನಮ್ಮನಮ್ಮಲ್ಲೇ. ಅಂಗಳ ಗುಡಿಸುವುದು ಕ್ಲೀನು, ಪಾತ್ರೆ ಬೆಳಗುವುದು ಕ್ಲೀನು, ಹಬ್ಬಕ್ಕೆ ಜೇಡರಬಲೆ ಹೊಡೆಯುವುದು ಕ್ಲೀನು. ಹಸಿರಾಗಿ ಬದುಕಿರುವ ಗರಿಯನ್ನು ಕಡಿದು ಕೆಡವುವುದು ಯಾವ ಸೀಮೆಯ ಕ್ಲೀನು?

ನಾನು ಬಿ.ಎ., ಬಿ.ಎಡ್. ಮಾಡಿಕೊಂಡು 28 ವರ್ಷಗಳಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು. ಸಸ್ಯಶಾಸ್ತ್ರದ ಪಂಡಿತೆಯಲ್ಲ. ಆದರೆ ತೆಂಗಿನ ವಿಷಯದಲ್ಲಿ ಪಾಂಡಿತ್ಯ ಬೇಕಾಗಿಲ್ಲ. ಎಣಿಸುವುದಕ್ಕೆ ಬಂದರೆ ಸಾಕು. ಚೆನ್ನಾಗಿರುವ ಒಂದು ದೊಡ್ಡ ಮರದ ತಲೆಯಲ್ಲಿ ಸುಮಾರು 30ರಿಂದ 35 ಗರಿಗಳಿರುತ್ತವೆ. ಮರ ಹೊಸದಾಗಿ ಬಿಡುವುದು ತಿಂಗಳಿಗೆ ಒಂದು ಗರಿ, ವರ್ಷಕ್ಕೆ ಹನ್ನೆರಡು. ಗೊಬ್ಬರ ನೀರು ಚೆನ್ನಾಗಿದ್ದರೆ ಇನ್ನೊಂದೆರಡು ಹೆಚ್ಚು. ಬಿಚ್ಚಿಕೊಂಡ ಗರಿ ಎರಡೂವರೆ ಮೂರು ವರ್ಷ ಮರದಲ್ಲಿದ್ದು ದುಡಿದು, ಒಣಗಿ, ತಾನಾಗಿ ಕಳಚಿಕೊಳ್ಳುತ್ತದೆ. ಈಗ ಹೇಳಿ. 32 ಗರಿ ಇದ್ದ ಮರಕ್ಕೆ ಕತ್ತಿ ಹಾಕಿಸಿ 10 ಉಳಿಸಿದರೆ ಹೋದದ್ದು 22. ತಿಂಗಳಿಗೆ ಒಂದರಂತೆ ಅದು ಮತ್ತೆ ಮೊದಲಿನಂತಾಗಲು 22 ತಿಂಗಳು ಬೇಕು. ಅಷ್ಟರೊಳಗೆ ನಾವು ಮುಂದಿನ ಕ್ಲೀನಿಗೆ ಆಳು ಹುಡುಕುತ್ತಿರುತ್ತೇವೆ. ಅಂದರೆ ಆ ಮರ ತನ್ನ ಆಯುಷ್ಯದಲ್ಲಿ ಇನ್ನೊಂದು ಸಲ ತಲೆತುಂಬ ಗರಿ ಕಾಣುವುದೇ ಇಲ್ಲ.

ಇನ್ನೊಂದು ಲೆಕ್ಕವಿದೆ. ಅದು ನೇರವಾಗಿ ಅಡುಗೆಮನೆಗೆ ಸೇರಿದ್ದು. ತೆಂಗಿನಲ್ಲಿ ಹೊಂಬಾಳೆ ಹುಟ್ಟುವುದು ಗರಿಯ ಕಂಕುಳಲ್ಲಿ, ಒಂದು ಗರಿಗೆ ಒಂದು ಹೊಂಬಾಳೆ. ಗರಿ ಎಷ್ಟೋ ಗೊನೆ ಅಷ್ಟು. ಆ ಗೊನೆ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಅಷ್ಟೂ ಕಾಲ ಅದರ ಭಾರವನ್ನು ಕೆಳಗಿನ ಗರಿಗಳ ಮಟ್ಟೆಗಳು ಹೊತ್ತಿರುತ್ತವೆ. ಎಳೆಗೂಸನ್ನು ಸೊಂಟದಲ್ಲಿ ಕೂರಿಸಿಕೊಂಡ ತಾಯಿಯ ಕೈ ಬಿಡಿಸಿದರೆ ಏನಾಗುತ್ತದೆ? ಮಟ್ಟೆ ಕಡಿದ ಮೇಲೆ ಗೊನೆ ಜೋತುಬೀಳುತ್ತದೆ, ತೊಟ್ಟು ಬಾಗಿ ಮುರಿಯುತ್ತದೆ, ಕಾಯಿ ಬಲಿಯದೆ ಉದುರುತ್ತದೆ. ಆಮೇಲೆ "ಯಾಕೋ ನಮ್ಮ ಮರದಲ್ಲಿ ಹರಳೆಲ್ಲ ಉದುರಿಹೋಗ್ತಿದೆ ಕಣ್ರೀ, ಯಾರ ಕಣ್ಣು ಬಿತ್ತೋ" ಎಂದು ನೆರೆಮನೆಯವರನ್ನು ಓರೆಗಣ್ಣಿನಿಂದ ನೋಡುತ್ತೇವೆ.

ಕಣ್ಣು ಬಿದ್ದದ್ದೂ ಅಲ್ಲ, ಗ್ರಹಚಾರವೂ ಅಲ್ಲ. ಆದರೆ ಹಾಗೆ ಅನ್ನಿಸುವುದಕ್ಕೆ ಒಂದು ಕಾರಣವಿದೆ. ತೆಂಗು ತಡವಾಗಿ ಲೆಕ್ಕ ಒಪ್ಪಿಸುವ ಮರ. ಇವತ್ತು ಒಡೆದ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡಿದ್ದು ಎರಡೂವರೆ ವರ್ಷಕ್ಕೂ ಹಿಂದೆ. ಆ ಹೊಂಬಾಳೆ ಕಾಯಿಯಾಗಲು ಇನ್ನೊಂದು ವರ್ಷ. ಹಾಗಾಗಿ ಈ ವರ್ಷ ಮರವನ್ನು ಉಪವಾಸ ಕೆಡವಿದರೆ ಅದರ ಪೂರ್ತಿ ಫಲ ಕಾಣುವುದು ಎರಡು ಮೂರು ವರ್ಷಗಳ ಮೇಲೆ. ಆಗ ಯಾರಿಗೆ ನೆನಪಿರುತ್ತದೆ, ಹೋದ ಹೋದ ವರ್ಷದ ಯುಗಾದಿಗೆ ಮರ ಬೋಳಿಸಿದ್ದು? ಕಡಿಸಿದ ತಿಂಗಳಲ್ಲೇ ಕಾಯಿ ನಿಂತುಹೋಗುವಂತಿದ್ದರೆ ಈ ಪ್ರಬಂಧ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

"ಕೆಳಗಿನ ಗರಿ ಕಿತ್ತರೆ ಮೇಲಿನದು ಜೋರಾಗಿ ಬರುತ್ತೆ" ಎಂಬ ಶಾಸ್ತ್ರವೊಂದು ನಮ್ಮ ಕಡೆ ಚಾಲ್ತಿಯಲ್ಲಿದೆ. ದಾಸವಾಳ ಕತ್ತರಿಸಿದರೆ ಚಿಗುರುತ್ತದೆ, ನುಗ್ಗೆ ಕಡಿದರೆ ನಾಲ್ಕು ಕವಲೊಡೆಯುತ್ತದೆ, ಗುಲಾಬಿಯನ್ನು ಕತ್ತರಿಸಲೇಬೇಕು. ಅಲ್ಲಿ ಕಂಡದ್ದನ್ನು ತಂದು ತೆಂಗಿಗೂ ಹಚ್ಚಿದ್ದೇವೆ. ತೆಂಗಿಗೆ ಕವಲಿಲ್ಲ, ಪಕ್ಕದ ಮೊಗ್ಗಿಲ್ಲ. ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ಮಾವು ಹಲಸಿನ ಕಾಂಡಕ್ಕೆ ಗಾಯವಾದರೆ ಸುತ್ತಲಿನ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡಕ್ಕೆ ಆ ಭಾಗ್ಯವಿಲ್ಲ. ಅದರ ಮೈಮೇಲಿನ ಗಾಯ ಕೊನೆಯವರೆಗೂ ಗಾಯವೇ. ಕಾಲಿಡಲು ಅನುಕೂಲವಾಗಲೆಂದು ಕಾಂಡಕ್ಕೆ ಕಚ್ಚು ಹಾಕಿಸುವವರು ಇದನ್ನು ಒಂದು ನಿಮಿಷ ಯೋಚಿಸಬೇಕು.

ಕೆಳಗಿನ ಗರಿ ಹಳದಿಯಾಗುತ್ತಿದ್ದರೂ ಅದು ಸುಮ್ಮನೆ ಕುಳಿತಿರುವುದಿಲ್ಲ. ತನ್ನೊಳಗಿನ ಪೊಟ್ಯಾಷನ್ನು ಮೇಲಿನ ಎಳೆಯ ಗರಿಗಳಿಗೆ ಸಾಗಿಸುತ್ತಿರುತ್ತದೆ. ಹಳೆಯ ಕಾಲದವರು ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದುದು ಇದೇ ಪೊಟ್ಯಾಷಿಗಾಗಿ, ಅವರಿಗೆ ಹೆಸರು ಗೊತ್ತಿರಲಿಲ್ಲ ಅಷ್ಟೆ. ಮನೆಯ ಹಿರಿಯರು ಕೈಯಲ್ಲಿದ್ದ ಒಡವೆ ವಸ್ತ್ರ ಸೊಸೆಗೆ ಒಪ್ಪಿಸುತ್ತಿರುವ ಹೊತ್ತಿಗೆ ಅವರನ್ನು ಎಬ್ಬಿಸಿ ಹೊರಗೆ ಕಳಿಸಿದ ಹಾಗೆ, ನಾವು ಆ ಹಳದಿ ಗರಿಯನ್ನು ಕಿತ್ತುಹಾಕುತ್ತೇವೆ.

ಹಸಿ ಗರಿ ಕಡಿದ ಜಾಗದಿಂದ ವಾಸನೆ ಹೊರಡುತ್ತದೆ. ನಮಗೆ ತಿಳಿಯುವುದಿಲ್ಲ, ಕೆಂಪು ಮೂತಿ ಹುಳುವಿಗೆ ತಿಳಿಯುತ್ತದೆ. ಅದು ಬಂದು ಗಾಯದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಒಳಗೊಳಗೇ ಕಾಂಡ ಕೊರೆಯುತ್ತವೆ. ಹೊರಗೆ ಕಂದು ಬಣ್ಣದ ರಸ ಸೋರುವುದು ಕಾಣುವ ಹೊತ್ತಿಗೆ ಒಳಗಿನ ಸಂಸಾರ ಮುಗಿದಿರುತ್ತದೆ. ಅದಕ್ಕೇ ತಿಳಿದವರು ಹಸಿ ಗರಿಯನ್ನು ಕಡಿಯಲೇಬೇಡಿ ಎನ್ನುತ್ತಾರೆ. ಕಡಿಯಲೇಬೇಕಾಗಿ ಬಂದರೆ ಕಾಂಡದಿಂದ ನಾಲ್ಕಡಿ ಮಟ್ಟೆ ಬಿಟ್ಟು ಕಡಿಯಿರಿ, ಹುಳು ಮಟ್ಟೆಯಿಂದ ಕಾಂಡಕ್ಕೆ ದಾಟದಿರಲಿ ಎನ್ನುತ್ತಾರೆ. ನಮ್ಮ ಕ್ಲೀನಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮಟ್ಟೆಯ ಮೋಟು ಕಂಡರೆ ಅಸಹ್ಯವೆಂದು ಕಾಂಡಕ್ಕೆ ಅಂಟಿಸಿ ಕಡಿಸುತ್ತೇವೆ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಗಿದ್ದು 1916ರಲ್ಲಿ. ನೂರು ವರ್ಷ ದಾಟಿದ ತಿಳಿವಳಿಕೆ ಒಂದು ಕಡೆ, ನಮ್ಮ ಬೀದಿಯ ಸೌಂದರ್ಯಪ್ರಜ್ಞೆ ಇನ್ನೊಂದು ಕಡೆ.

ಈ ಸೌಂದರ್ಯಪ್ರಜ್ಞೆ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ಎಲ್ಲ ಕಡೆಯೂ ತೆಂಗಿನ ತೋಟಗಳು ಬಡಾವಣೆಗಳಾದವು. ಸೈಟಿನ ಮೂಲೆಯಲ್ಲಿ ಒಂದೋ ಎರಡೋ ಹಳೆಯ ಮರ ಉಳಿಯಿತು. ಗೇಟಿನ ಎರಡೂ ಕಡೆಗೆ ನರ್ಸರಿಯಿಂದ ದುಡ್ಡು ಕೊಟ್ಟು ತಂದ ಬಾಟಲ್ ಪಾಮ್ ಬಂತು. ಬುಡ ಊದಿಕೊಂಡು ನಿಲ್ಲುವ, ಮಾರಿಷಸ್ ಕಡೆಯಿಂದ ಬಂದ ಮರ ಅದು. ಅದರ ತಲೆಯಲ್ಲಿ ಹುಟ್ಟಿನಿಂದಲೇ ಇರುವುದು ಐದಾರು ಗರಿ. ಹಳೆಯದು ಅಡಿಕೆ ಹಾಳೆಯ ಹಾಗೆ ತಾನಾಗಿ ಕಳಚಿ ಬೀಳುತ್ತದೆ. ಅದರ ಸ್ವಭಾವ ಅದು, ನನ್ನ ತಕರಾರಿಲ್ಲ. ಆದರೆ ಅದನ್ನು ನೋಡಿ ನೋಡಿ ಕಣ್ಣಿಗೆ ಅದೇ ಚಂದವೆನಿಸಿ, ಕಾಯಿ ಕೊಡುವ ನಮ್ಮ ಮರವನ್ನೂ ಅದರಂತೆಯೇ ಕಾಣುವ ಹಾಗೆ ಕೆತ್ತಿಸುತ್ತಿದ್ದೇವೆ. ಮನೆಯ ದಪ್ಪ ಜಡೆಯ ಹುಡುಗಿಗೆ ಕ್ಯಾಲೆಂಡರಿನ ಹುಡುಗಿಯಂತೆ ಕಾಣಬೇಕೆಂದು ಕೂದಲು ಕತ್ತರಿಸಿದ ಹಾಗಾಯಿತು ಇದು. ಹುಡುಗಿಯಾದರೂ ಬೇಡ ಎನ್ನಬಹುದು.

ಕಾನೂನೂ ತೆಂಗಿನ ಕೈ ಹಿಡಿಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಮರ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಿದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಜೊತೆಗೆ ತೆಂಗೂ ಅದರಲ್ಲಿದೆ. ರೈತರಿಗೆ ತೊಂದರೆಯಾಗಬಾರದೆಂದು ಮಾಡಿದ್ದಿರಬಹುದು, ಸರಿಯೇ. ಆದರೆ ಅದರಿಂದಾಗಿ ಮನೆಯಂಗಳದ ತೆಂಗನ್ನು ಕಾಯುವವರು ಮನೆಯವರಲ್ಲದೆ ಬೇರೆ ಯಾರೂ ಇಲ್ಲ.

ಎದುರುವಾದಗಳು ನನಗೂ ಗೊತ್ತು, ನಮ್ಮ ಬಂಧುಗಳ ಬಾಯಲ್ಲೇ ಕೇಳಿದ್ದೇನೆ. ಗರಿ ಕಾರಿನ ಮೇಲೆ ಬೀಳುತ್ತದೆ. ಸೋಲಾರ್ ಗಾಜು ಒಡೆಯುತ್ತದೆ. ಇಲಿ ಸೇರುತ್ತದೆ. ವಾಸ್ತು ನೋಡುವವರು ಈಶಾನ್ಯದಲ್ಲಿ ಎತ್ತರದ ಮರ ಬೇಡವೆಂದರು. ಇದರಲ್ಲಿ ವಾಸ್ತುವನ್ನು ಪಕ್ಕಕ್ಕಿಡುತ್ತೇನೆ. ಮರ ಅಲ್ಲಿ ನಿಂತಿದ್ದುದು ಮನೆಗಿಂತ ಮೊದಲು. ಉಳಿದವು ನಿಜವಾದ ಮಾತುಗಳೇ. 15–20 ಅಡಿ ಉದ್ದದ, ಕೆಲವು ಕೆ.ಜಿ. ತೂಗುವ ಒಣಗರಿ ಮೇಲಿನಿಂದ ಬಂದರೆ ಹುಡುಗಾಟವಲ್ಲ. ಆದರೆ ಗಮನಿಸಿ, ಬೀಳುವುದು ಒಣಗರಿ. ಹಸಿ ಗರಿ ಬಿರುಗಾಳಿಗಲ್ಲದೆ ಬೀಳುವುದಿಲ್ಲ. ಇಲಿ ಮನೆ ಮಾಡುವುದು ಒಣಗಿದ ಹೊಂಬಾಳೆ, ಹಳೆಯ ಗೊನೆಯ ಕಡ್ಡಿ, ಜೋತುಬಿದ್ದ ಒಣಗರಿಗಳ ಕಸದಲ್ಲಿ. ಅಪರಾಧ ಮಾಡಿದ್ದು ಒಣಗಿದ್ದು, ಶಿಕ್ಷೆ ಹಸಿರಿಗೆ.

ಮರಕ್ಕೆ ಕತ್ತಿಯನ್ನೇ ತಾಗಿಸಬಾರದು ಎಂದು ಯಾರಾದರೂ ಅಂದರೆ ಅವರ ಜೊತೆಗೂ ನಾನು ಜಗಳ ಆಡುತ್ತೇನೆ. ಹತ್ತು ವರ್ಷ ಯಾರೂ ಹತ್ತದ ಮರಗಳನ್ನು ನಮ್ಮ ಬೀದಿಯಲ್ಲೇ ನೋಡಬಹುದು. ಮಕ್ಕಳು ಊರು ಬಿಟ್ಟ ಮನೆಗಳವು. ಒಣಗರಿಗಳು ಹಳೆಯ ಸೀರೆಯ ಹಾಗೆ ಕಾಂಡದ ಸುತ್ತ ಜೋತುಬಿದ್ದು, ಯಾವ ಕಾಯಿ ಯಾವಾಗ ಯಾರ ತಲೆಗೆ ಎಂದು ಗೊತ್ತಾಗದ ಮರಗಳು. ಅಂಥ ಮರದ ಕೆಳಗೆ ಮಗು ಆಡುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ತಲೆಗೆ ಎಣ್ಣೆ ಹಾಕಿ ಸಿಕ್ಕು ಬಿಡಿಸುವುದು ಬೇರೆ, ಬೋಳಿಸುವುದು ಬೇರೆ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಪೂರ್ತಿ ಒಣಗಿದ ಗರಿ, ಒಣ ಹೊಂಬಾಳೆ, ಕಾಯಿಲ್ಲದ ಹಳೆಯ ಗೊನೆ, ಬಲಿತ ಕಾಯಿ ಇಷ್ಟನ್ನೂ ತೆಗೆಸಬೇಕು. ತಲೆಯಲ್ಲಿರುವ ಕಸ ತೆಗೆಯುವಾಗಲೇ ಸುಳಿಯ ಹತ್ತಿರ ಕೊಂಬಿನ ದುಂಬಿ ಕೊರೆದಿದೆಯೇ ನೋಡಲು ಹೇಳಬೇಕು. ಅದು ಕೊರೆದ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದ ಹಾಗಿರುತ್ತದೆ, ಕೆಳಗಿನಿಂದಲೇ ಗುರುತು ಸಿಗುತ್ತದೆ. ಕಪ್ಪುತಲೆ ಹುಳು ಹತ್ತಿ ಸುಟ್ಟಂತಾದ ಕೆಳಗರಿಗಳಿದ್ದರೆ ಅವನ್ನು ಕತ್ತರಿಸಿ ಸುಡುವುದೂ ಸರಿಯೇ. ತಂತಿಗೆ ತಾಗುವ ಗರಿಯಿದ್ದರೆ ಅದನ್ನೂ ತೆಗೆಸಬೇಕು. ಆದರೆ ಮೊದಲು ವಿದ್ಯುತ್ ಕಚೇರಿಗೆ ಹೇಳಿ ಲೈನು ನಿಲ್ಲಿಸಿದ ಮೇಲೆ ಮಾತ್ರ. ಅಳತೆ ಬೇಕೆನ್ನುವವರಿಗೆ ನಾನು ಗಡಿಯಾರ ತೋರಿಸುತ್ತೇನೆ. ಮುಳ್ಳು ಮೂರು ಮತ್ತು ಒಂಬತ್ತರ ಗೆರೆಗಿಂತ ಮೇಲಿದ್ದರೆ ಆ ಗರಿಗೆ ಕೈ ಹಚ್ಚಲೇ ಬೇಡಿ. ಆ ಗೆರೆಯ ಕೆಳಗಿದ್ದರೂ ಹಸಿರಿದ್ದರೆ ಬಿಡಿ.

ಇನ್ನು ಮರ ಹತ್ತುವವರ ವಿಷಯ. ಮಾತು ಇಲ್ಲಿಗೆ ಬಂದಾಗ ಎಲ್ಲರೂ "ಅವನೇ ಕಡಿದುಬಿಟ್ಟ, ನಾನೇನು ಮಾಡಲಿ" ಎಂದು ತಪ್ಪಿಸಿಕೊಳ್ಳುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇದೇ ಕೆಲಸ ಮಾಡುತ್ತಾನೆ. ಏಳನೆಯ ತರಗತಿಯಲ್ಲಿ ಮಟ್ಟೆಯ ಬ್ಯಾಟು ಕೆತ್ತಿ ಇಡೀ ಶಾಲೆಗೆ ಹಂಚುತ್ತಿದ್ದ ಹುಡುಗ. ಒಂದು ದಿನ ಅವನನ್ನು ನಿಲ್ಲಿಸಿ ಕೇಳಿದೆ, ಯಾಕಪ್ಪಾ ಹಸಿ ಗರಿ ಕಡೀತೀಯ ಎಂದು. ಅವನು ನಕ್ಕ.

"ಮೇಡಂ, ನಾವು ಮ್ಯಾಕ್ ಹತ್ತಿದ್ ಮ್ಯಾಲೆ ಕೆಳಗ್ ನಿಂತ್ಕಂಡು ಕೂಗ್ತಾರೆ, ಅದೂ ತಗಿ, ಇದೂ ತಗಿ, ಕೊಟ್ಟಿರೋ ದುಡ್ಡಿಗೆ ಇಷ್ಟೇನಾ ಅಂತಾರೆ. ಎಲ್ಡ್ ವರ್ಷಕ್ಕೊಂದ್ಸಲ ಕರೀತಾರೆ. ಮತ್ತೆ ಯಾವಾಗ್ ಕರೀತಾರೋ. ಬುಟ್ರೆ ಕೆಲ್ಸ ಸರ್ಯಾಗ್ ಮಾಡ್ಲಿಲ್ಲ ಅಂತಾರೆ. ನಮ್ ತ್ವಾಟದ್ ಮರ ಆದ್ರೆ ನಾವ್ ಹಂಗ್ ಕಡೀತೀವಾ?"

ಈ ಮಾತಿನಲ್ಲಿ ಎಲ್ಲವೂ ಇದೆ. ತೋಟದವರು ಮರಕ್ಕಿಷ್ಟು ಎಂದು ಮಾತಾಡಿ ವರ್ಷಕ್ಕೆ ನಾಲ್ಕಾರು ಸಲ ಕಾಯಿ ಕೆಡವಿಸುತ್ತಾರೆ. ಹತ್ತುವವನೂ ತೋಟದವನೂ ಒಬ್ಬರನ್ನೊಬ್ಬರು ಬಲ್ಲವರು. ಊರೊಳಗೆ ನಾವು ಎರಡು ಮರಕ್ಕೆ ಎರಡು ವರ್ಷಕ್ಕೊಮ್ಮೆ ಕರೆದು, ಅರ್ಧ ಗಂಟೆ ಚೌಕಾಸಿ ಮಾಡಿ, ಆ ಚೌಕಾಸಿಯಲ್ಲಿ ಸೋತದ್ದನ್ನು ಗರಿಯ ಲೆಕ್ಕದಲ್ಲಿ ವಸೂಲು ಮಾಡುತ್ತೇವೆ. ಕೆಳಗೆ ಬಿದ್ದ ಗರಿಯ ರಾಶಿ ದೊಡ್ಡದಿದ್ದರೆ ಕೊಟ್ಟ ದುಡ್ಡಿಗೆ ಸಮಾಧಾನ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಜಗಳವಾಡಿ ಕೊಸರು ಕೇಳುವ ಬುದ್ಧಿಯೇ ಇದು. ಸೊಪ್ಪಿನ ಕೊಸರಿನಿಂದ ಯಾರೂ ಸಾಯುವುದಿಲ್ಲ.

ಸಾಯುತ್ತಾರೆ ಎಂದು ಬಾಯ್ತಪ್ಪಿ ಬಂದ ಮಾತಲ್ಲ. ನಮ್ಮ ತಾಲ್ಲೂಕಿನಲ್ಲಿ ನಾನು ಬಲ್ಲ ಒಂದು ಮನೆಯಲ್ಲಿ, ಹೆಸರು ಬೇಡ, ಮಳೆ ಬಿದ್ದು ಕಾಂಡ ಜಾರುತ್ತಿದ್ದ ದಿನ, ನಾಳೆ ಗೃಹಪ್ರವೇಶವೆಂಬ ಅವಸರಕ್ಕೆ ಮರ ಹತ್ತಿಸಿದರು. ಕಾಯಿ ಕೆಡವಿದ್ದಾಗಿತ್ತು, ಒಣಗರಿಯೂ ಬಿದ್ದಿತ್ತು. "ಆ ಹಸೀದೂ ನಾಲ್ಕು ತೆಗೆದುಬಿಡು, ಫೋಟೋದಲ್ಲಿ ನೀಟಾಗಿ ಕಾಣಲಿ" ಎಂದರು. ಅದಕ್ಕೆ ಕೈ ಚಾಚಿದಾಗ ಬಿದ್ದ. ಬೆನ್ನುಮೂಳೆ ಮುರಿಯಿತು. ಪ್ರಾಣ ಉಳಿಯಿತು, ಕಾಲು ಬರಲಿಲ್ಲ. ಮನೆಯವರು ಸ್ವಲ್ಪ ದುಡ್ಡು ಕೊಟ್ಟರು. ಗೃಹಪ್ರವೇಶ ಒಂದು ವಾರ ಮುಂದಕ್ಕೆ ಹೋಯಿತು, ನಡೆಯಿತು. ಅವನ ಹೆಂಡತಿ ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಮಗಳು ನಮ್ಮ ಶಾಲೆಯಲ್ಲಿ ಓದಿದವಳು. ಆ ನಾಲ್ಕು ಗರಿಗಳು ಬೇಕಾಗಿದ್ದುದು ಮರಕ್ಕಲ್ಲ, ಕಾಯಿಗಲ್ಲ, ಯಾರ ಕ್ಷೇಮಕ್ಕೂ ಅಲ್ಲ. ಇದನ್ನು ಕಂಡ ಮೇಲೆ ನನಗೆ ಕ್ಲೀನ್ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ.

ಮರ ಹತ್ತುವವರು ಸಿಗುತ್ತಿಲ್ಲ ಎಂಬುದು ಎಲ್ಲರ ದೂರು. ಯಾಕೆ ಸಿಗಬೇಕು? ಜೀವಕ್ಕೆ ಜವಾಬ್ದಾರಿಯಿಲ್ಲದ, ಮರ್ಯಾದೆಯೂ ಇಲ್ಲದ ಕೆಲಸಕ್ಕೆ ಯಾರು ಮಗನನ್ನು ಕಳಿಸುತ್ತಾರೆ? ಕೇರಳದಲ್ಲಿ ಈ ತೊಂದರೆ ಮೊದಲೇ ಬಂದದ್ದರಿಂದ ಉಪಾಯವೂ ಅಲ್ಲೇ ಮೊದಲು ಹುಟ್ಟಿತು. ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತರೊಬ್ಬರು ಕಾಲಿಟ್ಟು ಮೆಟ್ಟಿಲು ಹತ್ತಿದಂತೆ ಹತ್ತುವ ಯಂತ್ರ ಮಾಡಿದರು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ತರಬೇತಿ ಶುರುಮಾಡಿ, ಯಂತ್ರದಿಂದ ಹತ್ತುವುದನ್ನೂ ಗರಿ, ಸುಳಿ, ಹುಳುಗಳ ಆರೈಕೆಯನ್ನೂ ಕಲಿಸಿತು. ಆ ತರಬೇತಿಗೆ ಹೆಂಗಸರೂ ಬಂದರು. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಯಂತ್ರವನ್ನು ಮರಕ್ಕೆ ಸಿಕ್ಕಿಸಿ ಹತ್ತಿದರು. ಹತ್ತುವವರಿಗಾಗಿಯೇ ಕೇರ ಸುರಕ್ಷಾ ಎಂಬ ವಿಮಾ ಯೋಜನೆಯೂ ಮಂಡಳಿಯಲ್ಲಿದೆ. ನಿಮ್ಮ ಮನೆಗೆ ಬರುವವನು ಅದನ್ನು ಮಾಡಿಸಿದ್ದಾನೆಯೇ ಎಂದು ಕೇಳಿದ್ದೀರಾ? ಮನೆಯ ಕಾರಿಗೆ ವಿಮೆ ಮರೆಯದೆ ಕಟ್ಟುತ್ತೇವೆ, ಆ ಕಾರಿನ ಮೇಲೆ ಗರಿ ಬೀಳದಂತೆ ನೋಡಿಕೊಳ್ಳುವವನಿಗೆ ಇಲ್ಲ.

ಹೆಂಗಸು ಮರ ಹತ್ತಬಾರದೆಂದು ನಮ್ಮನ್ನು ಬೆಳೆಸಿದರು. ಹತ್ತದಿದ್ದರೆ ಹೋಗಲಿ, ಮಾತಾಡುವುದಕ್ಕೇನು? ಹಿತ್ತಲ ತೆಂಗು ಬೆಳೆದಿರುವುದು ಯಾರ ಕೈಯಲ್ಲಿ ಎಂದು ನೆನಪು ಮಾಡಿಕೊಳ್ಳಿ. ಬಚ್ಚಲ ನೀರನ್ನು ಕಾಲುವೆ ತೆಗೆದು ಅದರ ಬುಡಕ್ಕೆ ಬಿಟ್ಟವರು ನಮ್ಮ ಅತ್ತೆಯಂದಿರು. ಅಕ್ಕಿ ತೊಳೆದ ನೀರು, ಮುಸುರೆ, ಒಲೆಯ ಬೂದಿ ಹಾಕಿದವರು ನಮ್ಮ ಅಮ್ಮಂದಿರು. ಬಿದ್ದ ಗರಿಯನ್ನು ಎಳೆದು ತಂದು, ಎಲೆ ಸೀಳಿ, ಹಂಚಿಕಡ್ಡಿ ಪೊರಕೆ ಕಟ್ಟಿ, ಮಟ್ಟೆಯನ್ನು ಬಚ್ಚಲ ಒಲೆಗೆ ಒಟ್ಟಿದವರು ನಾವು. ಕಾಯಿ ತುರಿದದ್ದೂ ನಾವೇ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ಗಾದೆ ಕಟ್ಟಿ ನಗುವವರು ಒಂದು ದಿನ ತೆಂಗಿಲ್ಲದೆ ಹುಳಿ ಮಾಡಿ ತೋರಿಸಲಿ. ಆದರೆ ಮರಕ್ಕೆ ಕತ್ತಿ ಹಾಕುವ ದಿನ ಬುಡದಲ್ಲಿ ನಿಂತು ಅಪ್ಪಣೆ ಕೊಡುವವರು ಗಂಡಸರು. ನಾವು ಒಳಗೆ ಕಾಫಿ ಕಾಸುತ್ತಿರುತ್ತೇವೆ. ಹೊರಗೆ ಬರುವ ಹೊತ್ತಿಗೆ ಅಂಗಳದ ತುಂಬ ಹಸಿರು ಹೆಣ. ನೋಡಿ, "ಅಯ್ಯೋ ಚೆನ್ನಾಗಿ ಬೆಳಕು ಬಂತು" ಎನ್ನುತ್ತೇವೆ. ಇಷ್ಟಕ್ಕೇ ನಮ್ಮ ಪಾಲು ಮುಗಿಯಿತೇ?

ಅದರ ಜೊತೆಗೆ ಈ ಮರಗಳು ಮೊದಲೇ ಸುಸ್ತಾಗಿವೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ಕಡೆಗೂ ಬಂದು ಕಾಯಿಯ ಮೈಯೆಲ್ಲ ಕಂದು ಮಚ್ಚೆಯಾಗಿ ಸಣ್ಣದಾಗಿ ಸುಕ್ಕುಗಟ್ಟಿದ್ದು ಯಾರಿಗೆ ಮರೆತಿದೆ? ಆಮೇಲೆ ಸಾಲು ಸಾಲು ಬರಗಾಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತಲೆ ಬಾಗಿದ ತೋಟಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. 2016ರಲ್ಲಿ ದಕ್ಷಿಣ ಭಾರತಕ್ಕೆ ಬಂದಿಳಿದ ಸುರುಳಿ ಬಿಳಿನೊಣ ಗರಿಯ ಅಡಿಯಲ್ಲಿ ಬಿಳಿ ಸುತ್ತು ಹಾಕಿ ರಸ ಹೀರಿ, ಮೇಲೆಲ್ಲ ಕಪ್ಪು ಮಸಿ ಹಿಡಿಸುತ್ತದೆ. ಮಸಿ ಹಿಡಿದ ಗರಿ ಕಂಡೊಡನೆ ಕಡಿಸಿಬಿಡುವವರಿದ್ದಾರೆ. ಆ ಗರಿ ಸತ್ತಿಲ್ಲ, ಜೋರಾಗಿ ನೀರು ಹೊಡೆದರೆ ಎಷ್ಟೋ ತೊಳೆದುಹೋಗುತ್ತದೆ. ಜ್ವರ ಬಂದ ಮಗುವಿಗೆ ಊಟ ನಿಲ್ಲಿಸುವುದುಂಟೇ? 2025ರಲ್ಲಿ ಕಾಯಿಯ ಬೆಲೆ ಗಗನಕ್ಕೇರಿದಾಗ ಒಂದು ಕಾಯಿಯನ್ನು ಎರಡು ದಿನ ಬಳಸಿದ ಮನೆಗಳಲ್ಲೇ ಅಂಗಳದ ಮರ ಬೋಳಾಗಿ ನಿಂತಿತ್ತು. ಅಂಗಡಿಯವನಿಗೆ ಬೈದರು.

ಹಾಗಾದರೆ ಮುಂದಿನ ಸಲ ಮರ ಹತ್ತುವವನು ಬಂದಾಗ ಕಾಫಿ ಒಲೆಯ ಮೇಲೆ ಉಕ್ಕಿದರೂ ಪರವಾಗಿಲ್ಲ, ಹೊರಗೆ ಬನ್ನಿ. ಅವನು ಹತ್ತುವ ಮೊದಲೇ ಮಾತು ಮುಗಿಸಿ. ಕೂಲಿ ಇಷ್ಟು, ಒಣಗಿದ್ದು ಒಂದೇ ಗರಿಯಿದ್ದರೂ ಅಷ್ಟೇ ಕೊಡುತ್ತೇನೆ ಎಂದು ಹೇಳಿ. ಹಸಿ ಗರಿ ಬಿದ್ದರೆ ನನಗೆ ಬೇಸರ ಎಂದೂ ಹೇಳಿ. ಆರು ತಿಂಗಳಿಗೆ ಮತ್ತೆ ಬಾ ಎಂದು ದಿನ ಹೇಳಿ ಕಳಿಸಿ. ಮಳೆ ಬಂದಿದ್ದರೆ ವಾಪಸ್ಸು ಕಳಿಸಿ, ಬಂದ ಬಸ್ಸಿನ ಖರ್ಚು ಕೊಟ್ಟು. ಇದರಲ್ಲಿ ಹೆಚ್ಚಿನ ಖರ್ಚೇನೂ ಇಲ್ಲ; ಹಾಗೆ ಲೆಕ್ಕ ಹಾಕುವವರು ವರ್ಷಕ್ಕೆ ಕೊಂಡ ತೆಂಗಿನಕಾಯಿಯ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆಯಲಿ.

ಇನ್ನು ನೆರೆಯವರ ಮಾತು. ನಮ್ಮ ಮರದ ಗರಿ ಪಕ್ಕದ ಮನೆಯ ಅಂಗಳದ ಮೇಲೆ ಚಾಚಿದೆ. ಪೂರ್ತಿ ಕಡಿಸಿ ಎಂದು ಅವರು ಎರಡು ವರ್ಷಗಳಿಂದ ಹೇಳುತ್ತಿದ್ದಾರೆ. ಒಣಗಿದ ಕೂಡಲೇ ತೆಗೆಸುತ್ತೇನೆ, ಆ ಕಡೆಯ ಗೊನೆಯ ಕಾಯಿ ನಿಮಗೇ ಎಂದು ನಾನು ಹೇಳುತ್ತಿದ್ದೇನೆ. ಈ ಸಲ ಇಳಿಸಿದ ಒಣಗರಿಯಲ್ಲಿ ನಾಲ್ಕು ಪೊರಕೆ ಕಟ್ಟಿ ಎರಡನ್ನು ಅವರಿಗೆ ಕೊಟ್ಟೆ. ಜಗಳ ಪೂರ್ತಿ ನಿಂತಿಲ್ಲ. ಆದರೆ ಅವರ ಸೊಸೆ ಬೆಳಿಗ್ಗೆ ಅಂಗಳ ಗುಡಿಸುವುದು ಆ ಪೊರಕೆಯಲ್ಲೇ.